ನನ್ನ ಸುತ್ತ ಒಂದು ಬೆಳಕಿನ ಬಳೆ

ಅಕ್ಕನ ಮದುವೆ ಕಲ್ಯಾಣದುರ್ಗದಲ್ಲಿ ಆಯಿತು. ಆಗ ಮದುವೆಗೆ ವಿಡಿಯೋ ತೆಗೆಸುವುದೇ ಒಂದು ದೊಡ್ಡಸ್ತಿಕೆ. ಅಷ್ಟರಲ್ಲೇ ನನಗೂ ಗೋರಂಟ್ಲದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹೆಣ್ಣು ನೋಡುವ ಶಾಸ್ತ್ರದ ದಿನ ಅಕ್ಕನ ಮದುವೆಯ ಕ್ಯಾಸೆಟ್ಟನ್ನೂ ತೋರಿಸಿಬಿಟ್ಟರೆ ನಮ್ಮ ತೂಕ ಹೆಚ್ಚುತ್ತದೆಂದು ಸೋದರಮಾವನಿಗೆ ಅನಿಸಿತು. ಮದುವೆಯ ವಿಡಿಯೋ ತೆಗೆದಿದ್ದ ಹಿಂದೂಪುರದ ಅಂಗಡಿಗೆ ಹೋಗಿ, "ನಮ್ ಹುಡ್ಗಿ ಎಲ್ಲೆಲ್ಲಿ ಕಾಣ್ತಾಳೋ ಅಲ್ಲೆಲ್ಲಾ ಸುತ್ತ ರೌಂಡ್ ಹಾಕ್ಬುಡಪ್ಪ, ಅಷ್ಟು ಜನದಾಗೆ ಗುರ್ತು ಸಿಗ್ಬೇಕು" ಎಂದು ಹೇಳಿ ಬಂದ.

ಚಿಕ್ಕಂದಿನಲ್ಲಿ ಪೋಲಿಯೋ ಆಗಿ ನನ್ನ ಬಲಗಾಲು ಸಣ್ಣ. ಮಾವ ಗೋರಂಟ್ಲದವರಿಗೆ ಮುಚ್ಚಿಟ್ಟಿರಲಿಲ್ಲ. ಸ್ವಲ್ಪ ಎಳೆಯುತ್ತಾಳೆ, ಗೊತ್ತೇ ಆಗುವುದಿಲ್ಲ ಎಂದಿದ್ದ. ನಾನೂ ಹಾಗೇ ನಂಬಿದ್ದೆ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತೇವೆಯೇ ಹೊರತು ನಡಿಗೆಯನ್ನಲ್ಲವಲ್ಲ.

ಗೋರಂಟ್ಲದವರು ಬಂದ ದಿನ ಮಾವನ ಮನೆಗೆ ಅಂಗಡಿಯವನೇ ಕ್ಯಾಸೆಟ್ ತಂದು ಹಾಕಿದ. "ಚೂಡಂಡಿ, ಅಮ್ಮಾಯಿನಿ ಎಕ್ಕಡಾ ವದಲಲೇದು" ಎಂದ. ಹುಡುಗಿಯನ್ನು ಎಲ್ಲೂ ಬಿಟ್ಟಿಲ್ಲವೆಂಬ ಹೆಮ್ಮೆ ಅವನಿಗೆ.

ನಿಜಕ್ಕೂ ಬಿಟ್ಟಿರಲಿಲ್ಲ, ಪುಣ್ಯಾತ್ಮ. ಅಂಗಡಿಯಲ್ಲಿ ಕೂತು, ವಿಡಿಯೋ ಮಿಕ್ಸಿಂಗ್ ಮಷೀನಿನ ಹಿಡಿ ತಿರುಗಿಸುತ್ತಾ ಆ ರೌಂಡನ್ನು ನನ್ನ ಬೆನ್ನು ಹತ್ತಿಸಿದ್ದ. ಸುತ್ತಲಿನವರೆಲ್ಲ ಮಂಕಾಗಿ, ನಾನೊಬ್ಬಳೇ ಬೆಳಕಿನ ಬಳೆಯೊಳಗೆ. ಕೂತಾಗ ಚೆನ್ನಾಗಿಯೇ ಇದ್ದೆ. ಪನ್ನೀರು ಚಿಮುಕಿಸಲು ಎದ್ದು ಬಾಗಿಲಿಗೆ ಹೊರಟಾಗ ಆ ಬಳೆಯೂ ನನ್ನ ಜೊತೆ ಏಳುತ್ತಾ ಬೀಳುತ್ತಾ ಹೊರಟಿತು. ಕೊನೆಯಲ್ಲಿ ಅಕ್ಕ ಅಳುತ್ತಾ ಜೀಪು ಹತ್ತುವಾಗ ನಾನು ಓಡಿ ಹೋಗಿ ಅವಳನ್ನು ತಬ್ಬಿಕೊಂಡಿದ್ದೆ. ಆಗಂತೂ ಬಳೆ ಕುಪ್ಪಳಿಸಿಬಿಟ್ಟಿತು. ಬಂದವರ ಕಡೆಯ ಒಂದು ಮಗು ಕಿಸಕ್ಕನೆ ನಕ್ಕಿತು. ಹುಡುಗನ ತಾಯಿ ಅದರ ಬಾಯಿ ಮುಚ್ಚಿದರು.

ನನಗೆ ನೆಲ ಬಿರಿಯಬಾರದೇ ಎನಿಸಿತು. ಎದ್ದು ಕಾಫಿ ಕೊಡಬೇಕಾದವಳು ನಾನು. ಏಳಲೇ ಇಲ್ಲ, ಅಮ್ಮನೇ ಕೊಟ್ಟಳು. ಗೋರಂಟ್ಲದವರು ಹೇಳಿ ಕಳಿಸುತ್ತೇವೆಂದು ಹೋದರು, ಹೇಳಿ ಕಳಿಸಲಿಲ್ಲ.

ಕ್ಯಾಸೆಟ್ ಇನ್ನೂ ಅಕ್ಕನ ಮನೆಗೆ ಹೋಗಿರಲಿಲ್ಲ. ನಾನೇ ಅಂಗಡಿಗೆ ಹೋಗಿ, "ನಾನ್ ನಡಿಯಾದೆಲ್ಲಾ ಕಟ್ ಮಾಡ್ಬುಡಣ್ಣ, ಕೂತಿರಾದು ಮಾತ್ರ ಇರ್ಲಿ" ಎಂದೆ. ಅವನು ಮುಖ ಸಣ್ಣ ಮಾಡಿಕೊಂಡು ಕತ್ತರಿಸಿ ಕೊಟ್ಟ. ಮೂಲ ಕ್ಯಾಸೆಟ್ಟಿನ ಮೇಲೆ ಇನ್ಯಾರದೋ ಮದುವೆ ತೆಗೆದ.

ಅಕ್ಕನ ಮಗಳಿಗೆ ಆ ಕ್ಯಾಸೆಟ್ಟೆಂದರೆ ಪ್ರಾಣ. ಶಾಲೆಗೆ ಸೇರಿದ ಹೊಸದರಲ್ಲಿ ಒಂದು ದಿನ ನನ್ನ ಪಕ್ಕ ಕೂತು ನೋಡುತ್ತಿದ್ದವಳು ಕೇಳಿದಳು: "ಚಿಕ್ಕಮ್ಮ, ಅಮ್ಮ ಜೀಪ್ ಹತ್ತುವಾಗ ಎಲ್ರೂ ಬಂದವ್ರೆ. ನೀನ್ಯಾಕೆ ಬರ್ಲಿಲ್ಲ? ಅಮ್ಮನ ಮ್ಯಾಲೆ ಸಿಟ್ಟಾ?"

ಬಟ್ಟೆ ಮಡಿಸುತ್ತಿದ್ದ ಅಕ್ಕ ತಲೆ ಎತ್ತದೆ ಹೇಳಿದಳು: "ಬಂದಿದ್ಲು ಕಣಮ್ಮ. ಎಲ್ರಿಗಿಂತ ಮುಂದೆ ಓಡ್ಕಂಡ್ ಬಂದ್ಬುಟ್ಟಿದ್ಲು."

"ಇಲ್ಲಿ ಇಲ್ವಲ್ಲ" ಎಂದು ಹುಡುಗಿ ಟೀವಿಯನ್ನೇ ನೋಡಿದಳು. ಜೀಪಿನ ಬಾಗಿಲಲ್ಲಿ ಅಕ್ಕ ಎರಡೂ ಕೈ ಚಾಚುತ್ತಾಳೆ, ಜೀಪು ಹೊರಟುಬಿಡುತ್ತದೆ. ಕುಂಟಿದ್ದಕ್ಕೆ ಅಂದು ಪಟ್ಟ ನಾಚಿಕೆ ಈ ನಾಚಿಕೆಯ ಮುಂದೆ ಏನೇನೂ ಅಲ್ಲ. ಅಕ್ಕನ ಮುಖ ನೋಡಲು ನನ್ನಿಂದಾಗಲಿಲ್ಲ.