ಒಳಜಾಲದ ಎಚ್ಚರಿಕೆ ಮತ್ತು ನಾನು ಕಳಿಸಿದ ಪ್ರತಿ

ಇಪ್ಪತ್ತೆರಡು ವರ್ಷಗಳಲ್ಲಿ ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ನಾನು ಬರೆದಿಲ್ಲ. ಆದ್ದರಿಂದ ಈ ಬರಹದಲ್ಲಿಯೂ ಪತ್ರದ ಧಾಟಿ ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ಮೊದಲಿಗೇ ಕೋರುತ್ತೇನೆ. ವಿಷಯ ಇಷ್ಟೇ: ನಾನು ಬರೆದ ಒಂದು ಪತ್ರದಿಂದಲೂ, ಆಡಿದ ಒಂದು ವಾಕ್ಯದಿಂದಲೂ ಒಬ್ಬರ ಕೆಲಸ ಹೋಯಿತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ಕಡೆ ಕಂಪ್ಯೂಟರ್ ತರಬೇತಿ ನೀಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಗುಮಾಸ್ತ. ಕೊಪ್ಪದ ಕೇಂದ್ರ ಇರುವುದು ಬಾಳಗಡಿಯಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ. ಸಂಸ್ಥೆಯ ಕಾರ್ಯದರ್ಶಿಗಳು ಕುಳಿತುಕೊಳ್ಳುವುದು ನರಸಿಂಹರಾಜಪುರದಲ್ಲಿ. ನಮ್ಮ ತರಬೇತಿ ಕೋಣೆಯಲ್ಲಿ ಹತ್ತು ಕಂಪ್ಯೂಟರುಗಳು. ಗೋಡೆಯ ಈಚೆ ನನ್ನ ಮೇಜು, ಅದರ ಮೇಲೆ ಹನ್ನೊಂದನೆಯದು. ಪಾಠ ಮಾಡುತ್ತಿದ್ದ ಬೋಧಕಿ ನೆಮ್ಮಾರಿನವರು. ಶೃಂಗೇರಿಯಲ್ಲಿ ಬಸ್ಸು ಬದಲಿಸಿ ಪ್ರತಿದಿನ ಒಂಬತ್ತೂವರೆಗೆ ಮಹಡಿ ಹತ್ತುತ್ತಿದ್ದರು. ಅವರದು ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ಕೆಲಸ.

ಒಂದು ದಿನ ನಾನು ಹಾಜರಾತಿ ತಃಖ್ತೆ ತಯಾರಿಸುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತು ಹೇಳಿದರು:

“ಸರ್, ಊಟದ ಹೊತ್ತಲ್ಲಿ ಅಷ್ಟೂ ಕಂಪ್ಯೂಟರು ಸುಮ್ನೆ ಕೂತಿರ್ತವೆ. ಅಂಥ ಹೊತ್ತಲ್ಲಿ ವಿಜ್ಞಾನಿಗಳ ಲೆಕ್ಕ ಮಾಡಿಕೊಡೋ ಒಂದು ಸಾಫ್ಟ್‌ವೇರ್ ಇದೆ. ಎಲ್ಲೆಲ್ಲಿಂದಲೋ ಜನ ತಮ್ಮ ಕಂಪ್ಯೂಟರನ್ನ ಹಂಗೇ ಬಿಟ್ಟುಕೊಡ್ತಾರೆ. ನಮ್ಮಲ್ಲೂ ಹಾಕ್ಲ?”

“ಹೂಂ” ಎಂದೆ.

“ನಿಮ್ಮದಕ್ಕೂ?”

“ಹೂಂ.”

ಎರಡು ಸಲವೂ ನಾನು ತಲೆ ಎತ್ತಲಿಲ್ಲ. ಅವರು ಏನು ಕೇಳಿದರೆಂಬುದು ಕಿವಿಗೆ ಬಿದ್ದಿತ್ತೇ ವಿನಾ ಮನಸ್ಸಿಗೆ ಬಿದ್ದಿರಲಿಲ್ಲ.

ಸುಮಾರು ಮೂರು ವಾರಗಳ ತರುವಾಯ, ಮಧ್ಯಾಹ್ನ ಬುತ್ತಿ ಬಿಚ್ಚುವ ಸಮಯಕ್ಕೆ, ನನ್ನ ಪರದೆಯ ಮೇಲೆ ಫೈರ್‌ವಾಲ್‌ನ ಚೌಕವೊಂದು ಮೂಡಿತು. ಫೈರ್‌ವಾಲ್ ಎಂದರೆ ಕಂಪ್ಯೂಟರಿನ ಬಾಗಿಲಲ್ಲಿ ನಿಂತು ಬಂದವರನ್ನು ವಿಚಾರಿಸುವ ಕಾವಲು. ಒಳಜಾಲದ, ಅಂದರೆ ನಮ್ಮದೇ ಕೇಂದ್ರದ ಇನ್ನೊಂದು ಕಂಪ್ಯೂಟರು ಇಲ್ಲಿನ ಒಂದು ತಂತ್ರಾಂಶವನ್ನು ಸಂಪರ್ಕಿಸಲು ಯತ್ನಿಸುತ್ತಿದೆ, ಬಿಡಬೇಕೇ ತಡೆಯಬೇಕೇ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ತಡೆಯಲು ಒತ್ತಿದೆ. ಪುನಃ ಬಂತು. ಊಟ ಮುಗಿಯುವುದರೊಳಗೆ ಏಳು ಬಾರಿ ಬಂದದ್ದನ್ನು ಸಮಯ ಸಹಿತ ಗುರುತು ಹಾಕಿಕೊಂಡೆ. ಅನ್ನ ಅರ್ಧ ಉಳಿಯಿತು.

ನನ್ನ ಗಾಬರಿಗೆ ಕಾರಣವಿತ್ತು. ಸಂಶಯಾಸ್ಪದ ಸಂಪರ್ಕ ಕಂಡಲ್ಲಿ ಕೂಡಲೇ ವರದಿ ಮಾಡತಕ್ಕದ್ದು ಎಂಬ ಸುತ್ತೋಲೆ ಹಿಂದಿನ ತಿಂಗಳಷ್ಟೇ ಬಂದು, ಅದಕ್ಕೆ ನಾನೇ ಸ್ವೀಕೃತಿ ಸಹಿ ಹಾಕಿದ್ದೆ. ಹಾಗಾಗಿ ಬೋಧಕಿ ಗೋಡೆಯ ಆಚೆ ಕುಳಿತಿದ್ದರೂ ಎದ್ದು ಹೋಗಿ ಕೇಳುವುದು ನನಗೆ ತೋಚಲಿಲ್ಲ. ನಮ್ಮಲ್ಲಿ ಬಾಯಲ್ಲಿ ಹೇಳಿದ್ದು ಹೇಳಿದಂತಲ್ಲ; ಬಲ್ಬು ಬೇಕಿದ್ದರೂ ಪತ್ರ ಬರೆಯುವುದೇ ರೂಢಿ. ಬರೆದೆ. “ವಿಷಯ: ಕೇಂದ್ರದ ಒಳಜಾಲದಲ್ಲಿ ಅನಧಿಕೃತ ಸಂಪರ್ಕ ಯತ್ನಗಳು ಕಂಡುಬಂದಿರುವ ಬಗ್ಗೆ.” ಅನಧಿಕೃತ ಎಂದು ಫೈರ್‌ವಾಲ್ ಹೇಳಿರಲಿಲ್ಲ. ಅದು ಬರಿದೇ ಕೇಳಿತ್ತು. ಆ ಪದ ನನ್ನದು.

ಪತ್ರ ನಮ್ಮ ಕೇಂದ್ರದ ಮೇಲ್ವಿಚಾರಕರಿಗೆ. ಆದರೆ ಅಡಿಯಲ್ಲಿ “ಪ್ರತಿ: ಮಾನ್ಯ ಕಾರ್ಯದರ್ಶಿಗಳ ಅವಗಾಹನೆಗಾಗಿ” ಎಂಬ ಸಾಲು ನನ್ನ ಮಾದರಿ ಪತ್ರದಲ್ಲಿ ಸದಾ ಇರುತ್ತದೆ. ಬಲ್ಬಿನ ಪತ್ರಕ್ಕೂ ಪ್ರತಿ ಹೋಗುತ್ತದೆ, ಅದನ್ನು ಯಾರೂ ಓದುವುದಿಲ್ಲ. ನಮ್ಮ ಟಪಾಲು ಹೋಗುವುದು ಮೂರು ಗಂಟೆಯ ನರಸಿಂಹರಾಜಪುರ ಬಸ್ಸಿನ ಕಂಡಕ್ಟರ್ ಕೈಯಲ್ಲಿ. ಅಂದೂ ಹೋಯಿತು. ಭಂಡಿಗಡಿಗೆ ಹೋಗಿದ್ದ ಮೇಲ್ವಿಚಾರಕರು ಮರಳಿದ್ದು ನಾಲ್ಕಕ್ಕೆ. ಪತ್ರ ಓದಿ ಬೋಧಕಿಯನ್ನು ಕರೆಸಿದರು.

ಆಕೆ ಓದಿ, ನನ್ನ ಕಡೆ ತಿರುಗಿ ನಕ್ಕರು. “ಅಯ್ಯೋ, ಅದು ನಾನೇ ಸರ್! ಆ ಸಾಫ್ಟ್‌ವೇರಲ್ಲಿ ಲೆಕ್ಕ ಮಾಡೋ ಭಾಗ ಒಂದು, ಅದು ಎಲ್ಲಿಗೆ ಬಂತು ಅಂತ ತೋರ್ಸೋ ಭಾಗ ಇನ್ನೊಂದು. ಆಚೆ ಕೋಣೇಲಿ ಕೂತು ನಿಮ್ಮ ಕಂಪ್ಯೂಟರಿನ ಹತ್ರ ಎಷ್ಟಾಯ್ತು ಅಂತ ಕೇಳ್ತಿದ್ದೆ. ಯಾರೋ ಬಂದಿದಾರೆ ಅಂತ ಫೈರ್‌ವಾಲ್ ನಿಮ್ಮನ್ನ ಕೇಳಿದೆ. ನೀವು ಒಂದು ಸಲ ಕೂಗಿದ್ರೆ ಆಗ್ತಿತ್ತಲ್ಲ.”

ಮೇಲ್ವಿಚಾರಕರು ಪತ್ರವನ್ನು ಎರಡು ತುಂಡು ಮಾಡಿದರು. “ಅಲ್ಲ ಮಾರಾಯ, ಗೋಡೆ ಆಚೆ ಇರೋರಿಗೆ ಏಳು ಸಲ ಬಾಗಿಲು ಹಾಕಿದೀಯಲ್ಲ. ಎದ್ದು ಹೋಗಿ ಕೇಳೋಕೆ ಎಂತ ಆಗಿತ್ತು ನಿಂಗೆ?” ಆಮೇಲೆ ಹರಿದ ಕಾಗದದ ಕೊನೆಯ ಸಾಲು ಕಣ್ಣಿಗೆ ಬಿದ್ದು ದನಿ ಬದಲಾಯಿತು. “ಪ್ರತಿ ಹೋಯ್ತ?”

“ಮೂರು ಗಂಟೆ ಬಸ್ಸಿಗೇ ಹೋಯ್ತು ಸರ್.”

ಆಗ ಬೋಧಕಿಯೂ ನಗು ನಿಲ್ಲಿಸಿದರು.

ಆ ಪ್ರತಿಯನ್ನು ಕಾರ್ಯದರ್ಶಿಗಳು ಓದಿದರು. ಮರುವಾರ ಮೂವರನ್ನೂ ನರಸಿಂಹರಾಜಪುರಕ್ಕೆ ಬರಹೇಳಿದರು. ಅವರು ವಯಸ್ಸಾದವರು, ಕಠಿಣರಲ್ಲ. ಬೋಧಕಿಯ ವಿವರಣೆಯನ್ನು ಪೂರ್ತಿ ಕೇಳಿಸಿಕೊಂಡರು.

“ಒಳ್ಳೇ ಕೆಲಸವೇ ಇರ್ಬಹುದಮ್ಮ, ನಾನು ಬೇಡ ಅನ್ನಲ್ಲ. ಯಾರನ್ನ ಕೇಳಿ ಹಾಕಿದ್ದು?”

“ಸರ್‌ಗೆ ಹೇಳಿದ್ದೆ” ಎಂದು ಆಕೆ ನನ್ನ ಕಡೆ ನೋಡಿದರು.

“ಹೌದನ ಮಾರಾಯ? ನಿಂಗೆ ಹೇಳಿದ್ರ?”

ಆ ಕ್ಷಣದಲ್ಲಿ, ಅಂದು ಬಾಗಿಲಲ್ಲಿ ನಿಂತಿದ್ದ ಬೋಧಕಿಯೂ, ತಃಖ್ತೆಯೂ, ನನ್ನ ಎರಡು ಹೂಂಗಳೂ ಸ್ಪಷ್ಟವಾಗಿ ನೆನಪಿಗೆ ಬಂದವು. ಅದರ ಜೊತೆಗೇ, ಅನುಮತಿ ಕೊಡಲು ನೀನು ಯಾರು ಎಂಬ ಮುಂದಿನ ಪ್ರಶ್ನೆಯೂ ಕೇಳಿಸಿದಂತಾಯಿತು. ನಾನು ಹೇಳಿದ್ದು ಇದು:

“ಈ ಬಗ್ಗೆ ಲಿಖಿತವಾಗಿ ಯಾವ ಮನವಿಯೂ ಕಡತದಲ್ಲಿ ಇಲ್ಲ ಸರ್.”

ವಾಕ್ಯ ನಿಜವಾಗಿತ್ತು. ಅವರು ಕೇಳಿದ್ದು ನನ್ನನ್ನು, ನಾನು ಉತ್ತರಿಸಿದ್ದು ಕಡತದ ಪರವಾಗಿ. ಬೋಧಕಿ ನನ್ನನ್ನು ಒಮ್ಮೆ ನೋಡಿ, ಆಮೇಲೆ ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತ ಕುಳಿತರು. ಸುಳ್ಳು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು. ಮೂವರೂ ಬಸ್ಸಿನಲ್ಲಿ ಹಿಂದಿರುಗಿದೆವು. ಕೊಪ್ಪದಲ್ಲಿ ಶೃಂಗೇರಿಯ ಬಸ್ಸು ಹತ್ತುವಾಗ ಅವರು ಎಂದಿನಂತೆ “ಬತ್ತೆ ಸರ್” ಎಂದರು.

ಆ ವರ್ಷ ಗುತ್ತಿಗೆ ನವೀಕರಣವಾಗಲಿಲ್ಲ. ಆ ಆದೇಶವನ್ನು ಬೆರಳಚ್ಚು ಮಾಡಿದವನು ನಾನೇ. ಸಾಫ್ಟ್‌ವೇರನ್ನು ಎಲ್ಲ ಕಂಪ್ಯೂಟರುಗಳಿಂದ ತೆಗೆಯುವ ಹೊಣೆಯೂ ನನಗೇ ಬಂತು. ನನ್ನ ಯಂತ್ರದಲ್ಲಿ ಅದನ್ನು ತೆರೆದು ನೋಡಿದಾಗ ಒಂದು ಲೆಕ್ಕ ಮುಗಿಯಲು ಇನ್ನು ಸ್ವಲ್ಪವೇ ಬಾಕಿ ಇತ್ತು. ಅದು ಯಾವ ಲೆಕ್ಕ, ಯಾರಿಗೆ ಬೇಕಾದದ್ದು ಎಂದು ಕೇಳೋಣವೆಂದರೆ ಗೋಡೆಯ ಆಚೆ ಯಾರೂ ಇರಲಿಲ್ಲ.

ಕಳೆದ ವರ್ಷ ಸಂಬಂಧಿಕರ ಮನೆಯ ಉಪನಯನಕ್ಕೆ ಶೃಂಗೇರಿಗೆ ಹೋದಾಗ, ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಆ ಬೋಧಕಿ ಜನರ ಆನ್‌ಲೈನ್ ಅರ್ಜಿ ತುಂಬುತ್ತಿದ್ದುದನ್ನು ಕಂಡೆ. ಅಂದು ಒಳಗೆ ಹೋಗಲು ಧೈರ್ಯ ಬರಲಿಲ್ಲ. ಮರುವಾರ ರಜೆ ಹಾಕಿ, ಅವರು ನನಗೆ ಮೌಖಿಕವಾಗಿ ತಿಳಿಸಿದ್ದರೆಂದೂ ನಾನು ಒಪ್ಪಿದ್ದೆನೆಂದೂ ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ ಒಯ್ದೆ. ಅವರು ನಿಂತೇ ಓದಿದರು.

“ಇದಕ್ಕೆ ಪ್ರತಿ ಯಾರಿಗೂ ಹಾಕ್ಲಿಲ್ವ ಸರ್?”

ಹಾಳೆಯ ಖಾಲಿ ಅಡಿಭಾಗವನ್ನು ನನ್ನ ಕಡೆ ತಿರುಗಿಸಿದರು.

“ನಂಗೆ ಗೊತ್ತಿರೋದನ್ನ ನಂಗೇ ಬರ್ದು ಕೊಟ್ರೆ ಎಂತ ಮಾಡ್ಲಿ ಹೇಳಿ? ಇದು ಹೋಗ್ಬೇಕಾದ್ದು ಎನ್.ಆರ್. ಪುರಕ್ಕೆ.” ಹಾಳೆಯನ್ನು ಯಂತ್ರದ ಮೇಲಿಟ್ಟು ಒಂದು ಜೆರಾಕ್ಸ್ ತೆಗೆದು, ಅದನ್ನು ತಾವು ಇಟ್ಟುಕೊಂಡು ಮೂಲವನ್ನು ನನ್ನ ಕೈಗೇ ಕೊಟ್ಟರು. ಸರದಿಯಲ್ಲಿದ್ದವರೊಬ್ಬರು ಆಧಾರ್ ಕಾರ್ಡು ಚಾಚಿದರು. ಬೋಧಕಿ ಆ ಕಡೆ ತಿರುಗಿದರು.

ಮೂಲ ಪತ್ರ ಹನ್ನೊಂದು ದಿನ ನನ್ನ ಮೇಜಿನ ಒಳಗೆ ಇತ್ತು. ಹನ್ನೆರಡನೆಯ ದಿನ ಮೂರು ಗಂಟೆಯ ಬಸ್ಸಿಗೆ ಕೊಟ್ಟೆ. ವಾರದೊಳಗೆ ಅದೇ ಹಾಳೆ ಮರಳಿತು. ಸ್ಥಾನ ಈಗಾಗಲೇ ಭರ್ತಿಯಾಗಿರುವುದರಿಂದ ಮುಂದಿನ ಕ್ರಮ ಇಲ್ಲವೆಂಬ ಷರಾ ಇತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ, ಕಾರ್ಯದರ್ಶಿಗಳ ನಡುಗುವ ಅಕ್ಷರದಲ್ಲಿ: “ಅಂದೇ ಯಾಕೆ ಹೇಳಲಿಲ್ಲ ಮಾರಾಯ?”

ಈ ಪ್ರಶ್ನೆಗೆ ವಿವರಣೆ ಬರೆಯಲು ನಾಲ್ಕು ಬಾರಿ ಕುಳಿತೆ. ಮೂರು ಕರಡುಗಳಲ್ಲಿ ಸುತ್ತೋಲೆಯ ಉಲ್ಲೇಖವಿತ್ತು, ಮೂರನ್ನೂ ಹರಿದೆ. ನಾಲ್ಕನೆಯದರಲ್ಲಿ, “ನನ್ನ ಕೆಲಸ ಹೋದೀತೆಂದು ಹೆದರಿ, ಅವರ ಕೆಲಸ ಹೋಗಲು ಬಿಟ್ಟೆ” ಎಂದಷ್ಟೇ ಬರೆದು ಕಾರ್ಯದರ್ಶಿಗಳಿಗೆ ಕಳಿಸಿದೆ. ಪ್ರತಿ ಎಂಬಲ್ಲಿ ಬೋಧಕಿಯ ಹೆಸರು ಬರೆದು, ಆ ಪ್ರತಿಯನ್ನು ಶೃಂಗೇರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ತಲುಪಿಸಿದ್ದಾಗಿ ಆತ ಮರುದಿನ ಹೇಳಿದ. ಅವರು ಏನಾದರೂ ಹೇಳಿದರೇ ಎಂದು ಕೇಳಿದ್ದಕ್ಕೆ, “ಇಲ್ಲ, ಅಂಗಡಿ ತುಂಬ ಜನ ಇದ್ರು” ಎಂದ.