ಬಾರ್ಲಿ ನೀರು ಮತ್ತು ನಮ್ಮ ಸಿಸ್ಟರ್

ಬಾಳೂರು ಕಡೆ ಮನೆಮನೆಗೆ ಬರುತ್ತಿದ್ದ ನರ್ಸ್, ನಮ್ಮ ಸಿಸ್ಟರ್, ರೋಗಿಯ ಹೊಟ್ಟೆ ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಸದ್ದಾಗುವಂತೆ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರು ಸೀಳಿತ್ತು. ಎಡಗೈಯದೋ ಏನೋ, ಈಗ ಖಚಿತವಿಲ್ಲ.

ಕೂಲಿಯವರ ಲೈನ್ ಮನೆಯಾಗಲಿ, ಎಸ್ಟೇಟ್ ಬಂಗಲೆಯಾಗಲಿ, ಅವರ ಮೊದಲ ಪ್ರಶ್ನೆ ಒಂದೇ: "ಉಚ್ಚೆ ಸರಿಯಾಗಿ ಹೋಗ್ತಾ ಉಂಟಾ?" ಯಾರಾದರೂ ತಡವರಿಸಿದರೆ, "ಜಿಗಣೆ ಕಚ್ಚಿದ ಜಾಗ ತೋರಿಸೋಕೆ ಇಲ್ಲದ ನಾಚಿಕೆ ಇದಕ್ಕೆ ಯಾಕೆ ಮಾರಾಯ್ರೇ?" ಎನ್ನುತ್ತಿದ್ದರು. ತೋಟದಲ್ಲಿ ಉಚ್ಚೆಗೆ ಕೂರಲು ಮರೆಯಿಲ್ಲವೆಂದು ಕಾಫಿ ಹಣ್ಣು ಕೊಯ್ಯುವ ಹೆಂಗಸರು ದಿನವಿಡೀ ನೀರು ಕುಡಿಯದಿದ್ದಾಗ, ಮೇಸ್ತ್ರಿಯನ್ನು ಗದರಿಸಿ ತಗಡಿನ ಮರೆ ಕಟ್ಟಿಸಿದವರೂ ಅವರೇ.

ಒಂದು ಕೊಯ್ಲಿನ ಸಮಯದಲ್ಲಿ ಅಪ್ಪನಿಗೆ ಮೂತ್ರ ಕಡಿಮೆಯಾಯಿತು. ಬರುತ್ತಿದ್ದುದು ಹನಿ ಹನಿ ಅಷ್ಟೇ. ಡಿಗ್ರಿ ಓದಿದ ನಾನು ಫೋನಿನಲ್ಲಿ ಏನೋ ನೋಡಿ, ನೀರು ಸಾಲದೆಂದು ತೀರ್ಮಾನಿಸಿ, ಗಂಟೆಗೊಂದು ಲೋಟ ಬಾರ್ಲಿ ನೀರು ಕುಡಿಸಿದೆ. ಸಂಜೆಗೆ ಅಪ್ಪ ಕೂರಲಾರದೆ, ಮಲಗಲಾರದೆ ಕಾಫಿ ಕಣದ ಸುತ್ತ ತಿರುಗತೊಡಗಿದರು. ನಾನು ಇನ್ನೊಂದು ಲೋಟ ಹಿಡಿದು ಹಿಂದೆಯೇ ಹೋದೆ.

ಅಮ್ಮ ಹೇಳಿಕಳಿಸಿದ್ದರಿಂದ ಸಿಸ್ಟರ್ ಬಂದರು. ಅಪ್ಪನ ಹೊಕ್ಕುಳ ಕೆಳಗೆ ಬೆರಳಿಟ್ಟು ತಟ್ಟಿದರು.

"ಶೀತದ ಮಾತ್ರೆ ನುಂಗಿದ್ರಾ?"

"ಹ್ಞೂಂ. ಕಳಸದ ಅಂಗಡಿಯಿಂದ ತಂದದ್ದು."

"ಮೊದಲೂ ಉಚ್ಚೆ ಹೋಗೋಕೆ ಕಷ್ಟ ಆಗ್ತಿತ್ತಾ?"

ಅಪ್ಪ ನನ್ನತ್ತ ನೋಡಿ, "ಒಂದು ವರ್ಷದಿಂದ" ಎಂದರು. ನನಗದು ಗೊತ್ತೇ ಇರಲಿಲ್ಲ.

ಸಿಸ್ಟರ್ ನನ್ನನ್ನು ಜಗುಲಿಯ ಮೂಲೆಗೆ ಕರೆದರು. "ವಾಂತಿ ಭೇದಿ ಆಗಿ ನೀರು ಬತ್ತಿದ್ರೆ ಕುಡಿಸ್ಬೇಕು. ಇಲಿಜ್ವರ ಬಂದ್ರೆ ಕಿಡ್ನಿಯೇ ಸೋಲ್ತದೆ. ಇದು ಎರಡೂ ಅಲ್ಲ. ಉಚ್ಚೆ ಚೀಲ ತುಂಬಿದೆ, ದಾರಿ ಕಟ್ಟಿದೆ. ಹೀಗೇ ಬಿಟ್ರೆ ಕಿಡ್ನಿಗೆ ಏಟು. ಲೋಟ ಕೆಳಗಿಡಿ, ಜೀಪು ತೆಗೀರಿ."

ಮೂಡಿಗೆರೆ ಆಸ್ಪತ್ರೆಗೆ ಸಿಸ್ಟರೂ ಜೊತೆಗೆ ಬಂದರು. ಅಲ್ಲಿ ನಳಿಕೆ ಹಾಕಿದಾಗ ಲೀಟರಿಗೂ ಹೆಚ್ಚು ಮೂತ್ರ ಬಂತು. ಮೂತ್ರದ ದಾರಿಯ ಸುತ್ತಲಿನ ಪ್ರೊಸ್ಟೇಟ್ ಗ್ರಂಥಿ ಊದಿಕೊಂಡಿತ್ತು, ಶೀತದ ಮಾತ್ರೆ ಇದ್ದ ಸ್ವಲ್ಪ ದಾರಿಯನ್ನೂ ಬಿಗಿದಿತ್ತು. ಕಿಡ್ನಿ ಉಳಿಯಿತು.

ಆಮೇಲೆ ಅಪ್ಪ ಬಂದವರಿಗೆಲ್ಲ, "ಮಗನ ಬಾರ್ಲಿ ನೀರಿಂದ ಉಳಿದೆ" ಎನ್ನತೊಡಗಿದರು. ಒಮ್ಮೆ ಸಿಸ್ಟರ್ ಎದುರಿಗೇ ಹೇಳಿದರು. ನಾನು ತಲೆ ತಗ್ಗಿಸಿದೆ. ಸಿಸ್ಟರ್ ಕಾಫಿ ಲೋಟ ಕೆಳಗಿಟ್ಟು, "ಮಗ ನಿಮ್ಮ ಹಿಂದೆಯೇ ಇದ್ದದ್ದು ನಾನೂ ನೋಡಿದ್ದೀನಲ್ಲ" ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೋದ ಮಳೆಗಾಲದಲ್ಲಿ ಸಿಸ್ಟರ್ ತೀರಿಕೊಂಡರು. ಅಂತ್ಯಕ್ರಿಯೆ ಮುಗಿಸಿ ಬರುವಾಗ ಜೀಪಿನಲ್ಲಿ ಅಪ್ಪನಿಗೆ ನಿಜ ಹೇಳಿಬಿಟ್ಟೆ: ಆ ಬಾರ್ಲಿ ನೀರು ಕುಡಿಸಿ ನಾನೇ ನಿಮ್ಮ ನೋವು ಹೆಚ್ಚಿಸಿದ್ದೆ.

ಅಪ್ಪ ನನ್ನತ್ತ ತಿರುಗಿದರು. "ಆ ನೀರಿನ ವಿಷಯ ಸಿಸ್ಟರ್ ಆಸ್ಪತ್ರೆಯಲ್ಲೇ ಹೇಳಿದ್ರು ಮಾರಾಯ. ಮಗ ತುಂಬಾ ಹೆದರಿದ್ದಾನೆ, ಯಾವತ್ತೂ ಅದನ್ನ ಎತ್ತಿ ಆಡ್ಬೇಡಿ ಅಂದಿದ್ರು."