ಕೊರಳಿನ ಹಾರ ಮತ್ತು ಮೂರನೇ ಗೇಟು

ಕಳೆದ ಗುರುವಾರ ನಾನು ಹಾಡಹಗಲೇ, ಪೊಲೀಸರ ಕಣ್ಣೆದುರೇ, ಅವರಿಂದಲೇ ಸೆಲ್ಯೂಟ್ ಹೊಡೆಸಿಕೊಂಡು ಬಾಂಬು ಒಯ್ದೆ.

ಗಾಬರಿಯಾಗಬೇಡಿ. (ನನ್ನ ಹೆಂಡತಿ ಆಗಲೇ ಆಗಿದ್ದಾಳೆ, ಒಬ್ಬರು ಸಾಕು.) ಅದು ಸ್ಟೀಲಿನ ಡಬ್ಬಿ. ಒಳಗೆ ಅರ್ಧ ಇಟ್ಟಂಗಿ, ಅದರ ಮೇಲೊಂದು ಚೀಟಿ: ‘ಇದನ್ನು ಬಾಂಬು ಅಂತ ತಿಳಿಯತಕ್ಕದ್ದು.’ ಕೊಟ್ಟವರೂ ಪೊಲೀಸರೇ.

ರವಿವಾರ ನಮ್ಮ ವಿಜಯಪುರದಲ್ಲಿ ಒಂದೇ ದಿನ ಎರಡು ಹಬ್ಬ. ಬೆಳಿಗ್ಗೆ ಗಾಂಧಿ ಚೌಕದಿಂದ ಸ್ಟೇಡಿಯಮ್ಮಿನ ತನಕ ಪರೇಡು. ಅದು ಮುಗಿಯುವ ಹೊತ್ತಿಗೆ ಟಿಕೋಟಾದಿಂದ ಹೊರಟು, ಬಬಲೇಶ್ವರ ಬಳಸಿಕೊಂಡು, ಅದೇ ಸ್ಟೇಡಿಯಮ್ಮಿಗೆ ಬರುವ ಸೈಕಲ್ ರೇಸು. ಸೈಕಲ್ ಅಂದರೆ ನಮ್ಮ ಮಂದಿಗೆ ಹುಚ್ಚು. ಊರಿಗೆ ಊರೇ ರಸ್ತೆಗೆ ಬರುತ್ತದೆ. ಪೊಲೀಸರಿಗೆ ವಾರದಿಂದ ನಿದ್ದೆ ಇಲ್ಲ.

ಅಂಥ ಹೊತ್ತಿನಲ್ಲಿ ನಮ್ಮ ಏರಿಯಾದ ಇನ್ಸ್‌ಪೆಕ್ಟರ್ ಸಾಹೇಬರ ಫೋನು. ‘ಕಾಕಾ, ಸ್ವಲ್ಪ ಠಾಣಾಕ್ಕ ಬರ್ರಿ.’

‘ಈ ಸಲ ಯಾರಿಗೆ ಏನ್ ಮಾಡೀರಿ?’ ಅಂದಳು ಹೆಂಡತಿ. ನ್ಯಾಯವಾದ ಪ್ರಶ್ನೆ. ಟಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ನನ್ನದೇ ಸೀಟಿ ಊದಿ, ಚಹಾ ಕುಡಿಯುತ್ತಿದ್ದ ಕಂಡಕ್ಟರನನ್ನು ಅಲ್ಲೇ ಬಿಟ್ಟು ಬಸ್ಸು ಹೊರಡುವಂತೆ ಮಾಡಿದವ ನಾನು. ಅದೂ ಒಂದು ಸಲವಲ್ಲ.

ಸಾಹೇಬರು ಡಬ್ಬಿ ಮುಂದಿಟ್ಟರು. ‘ಗುರುವಾರ ರಿಹರ್ಸಲ್ ಐತಿ. ಪೂರಾ ಬಂದೋಬಸ್ತ್ ಹಾಕ್ತೇವಿ. ಸ್ಟೇಡಿಯಮ್ಮಿಗೆ ಮೂರು ಗೇಟ್ ಅದಾವ. ಮೂರೂ ದಾಟಿ ನೀವು ಸ್ಟೇಜ್ ಮ್ಯಾಲಿನ ಮುಖ್ಯ ಅತಿಥಿ ಕುರ್ಚಿತನಕ ಇದನ್ನ ಒಯ್ಯಬೇಕು. ನಮ್ಮ ಮಂದಿಗೆ ಹೇಳಿಲ್ಲ.’

‘ದಾಟಿದ್ರ?’

‘ಯಾವ ಗೇಟ್ ದಾಟ್ತೀರಿ, ಆ ಗೇಟಿನವ್ರಿಗೆ ರವಿವಾರ ಊರ ಹೊರಗಿನ ಪಾರ್ಕಿಂಗ್ ಡ್ಯೂಟಿ.’

‘ಸಿಕ್ಕಿಬಿದ್ರ?’

‘ನಿಮ್ಮ ಮಾನ ಹೋತು.’

ಎಪ್ಪತ್ತೆರಡು ವರ್ಷದಲ್ಲಿ ಸರಕಾರ ನನ್ನ ಪ್ರತಿಭೆಯನ್ನು ಗುರುತಿಸಿದ್ದು ಇದೇ ಮೊದಲು. ಸಿಕ್ಕಿಬೀಳುವುದುಂಟೆ?

ಏನು ವೇಷ ಹಾಕಲಿ ಅಂತ ಎರಡು ದಿನ ವಿಚಾರ ಮಾಡಿದೆ. ಹಾಲಿನವನೆ? ಬ್ಯಾಂಡಿನವನೆ? ಆಮೇಲೆ ಹೊಳೆಯಿತು. ಮೈಮೇಲೆ ಶಾಲು, ತಲೆಗೆ ಪೇಟ, ಕೊರಳಲ್ಲಿ ಮೊಣಕಾಲು ಮುಟ್ಟುವ ಸೇವಂತಿ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ. ಬುಟ್ಟಿಯ ತಳದಲ್ಲಿ ಡಬ್ಬಿ, ಮೇಲೆ ಟಿಕೋಟಾದ ದ್ರಾಕ್ಷಿ. ಮುಗಿಯಿತು.

ನೀವೇ ಹೇಳಿ, ಸನ್ಮಾನ ಮಾಡಿಸಿಕೊಂಡ ಮನುಷ್ಯನನ್ನು ನಮ್ಮಲ್ಲಿ ಯಾರಾದರೂ ತಡೆದದ್ದುಂಟೆ? ಬರಿಗೈಲಿ ಆಫೀಸಿಗೆ ಹೋಗಿ ನೋಡಿ, ‘ನಾಳೆ ಬರ್ರಿ’ ಅನ್ನುತ್ತಾರೆ. ಶಾಲು ಹೊದ್ದು ಹೋಗಿ, ಚಹಾ ಬರುತ್ತದೆ. ಯಾರು, ಯಾಕೆ, ಏನು ಕಡಿದು ಹಾಕಿದ್ದಾನೆ ಅಂತ ಒಬ್ಬರೂ ಕೇಳುವುದಿಲ್ಲ. ಕೇಳಿದರೆ ನಮ್ಮದೇ ಅಜ್ಞಾನ ಬಯಲಾದೀತು ಅಂತ ಹೆದರಿಕೆ.

ಮೊದಲ ಗೇಟಿನಲ್ಲಿ ಹೆಡ್ ಕಾನ್‌ಸ್ಟೆಬಲ್ ತಾನೇ ಹಗ್ಗ ಎತ್ತಿದ. ‘ಬರ್ರಿ ಯಜಮಾನ್ರ, ಬಿಸಲಾಗ ಯಾಕ ನಿಂತೀರಿ?’ ಮೇಲೊಂದು ಸೆಲ್ಯೂಟ್. ನಾನು ಕೈ ಎತ್ತಿ ಆಶೀರ್ವಾದ ಮಾಡಿದೆ.

ಎರಡನೇ ಗೇಟಿನಲ್ಲಿ ಮೆಟಲ್ ಡಿಟೆಕ್ಟರ್ ಕುಂಯ್ ಅಂದಿತು. ನನ್ನ ಎದೆ ಅದಕ್ಕಿಂತ ಜೋರಾಗಿ ಅಂದಿತು. ಹೋಂಗಾರ್ಡ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹಾರದಾಗ ಜರಿ ಐತಲ್ರಿ, ಅದಕ್ಕ’ ಅಂತ ಕಾರಣವನ್ನೂ ತಾನೇ ಕೊಟ್ಟ. ಆಮೇಲೆ ನನ್ನ ಜೊತೆ ಸೆಲ್ಫಿ ತೆಗೆದುಕೊಂಡ. ನಾನು ಯಾರು ಅಂತ ಮಾತ್ರ ಕೇಳಲಿಲ್ಲ.

ಮೂರನೇ ಗೇಟು ಸ್ಟೇಜಿನ ಪಕ್ಕ, ರೇಸು ಮುಗಿಯುವ ಗೆರೆಗೆ ಹತ್ತಿರ. ಇಬ್ಬರು ಮಹಿಳಾ ಪೊಲೀಸರು. ನಾನು ಹತ್ತಿರ ಬರುತ್ತಿದ್ದಾಗ ಒಬ್ಬಳು ಇನ್ನೊಬ್ಬಳನ್ನು ಕಾಡಿಸುತ್ತಿದ್ದಳು.

‘ನೀಲವ್ವಾ, ರವಿವಾರ ನಿನ್ನ ತಂಗಿ ಬಹುಮಾನ ಹೊಡದ್ಲಂದ್ರ ಪೇಢೆ ಬೇಕು ನೋಡ.’

‘ಮೊದಲ ಅಕಿ ಬರಲಿ ತಗೋ. ನಾ ಈ ಗೇಟಿನ್ಯಾಗ ಇದ್ರ ಸಾಕು. ಯಾವಾಗ್ಲೂ ಎಲ್ಲೋ ಡ್ಯೂಟಿ, ಅಕಿ ರೇಸಿಗೆ ಒಮ್ಮೆನೂ ಹೋಗಿಲ್ಲ. ಇಲ್ಲಿ ಬೆನ್ನ ಮಾಡಿ ನಿಂತ್ರೂ ಗದ್ದಲರೆ ಕಿವಿಗೆ ಬೀಳತೈತಿ.’

ನನ್ನ ಕಾಲು ಒಂದು ಗಳಿಗೆ ನಿಂತಿತು. ನಾನು ಒಳಗೆ ಹೊಕ್ಕರೆ ಈ ಹುಡುಗಿ ಪಾರ್ಕಿಂಗಿಗೆ. ತಿರುಗಿ ಹೋಗಬಹುದಿತ್ತು. ಆದರೆ ಕುರ್ಚಿ ಅಲ್ಲೇ ಕಾಣುತ್ತಿತ್ತು, ಕೆಂಪು ಮಖಮಲ್ಲಿನದು. (ನಾನು ಒಳ್ಳೆಯವ ಅಂತ ಈ ಅಂಕಣದಲ್ಲಿ ಎಂದೂ ಬರೆದಿಲ್ಲ.)

‘ಯಾವೂರವ್ವಾ ನಿಂದು?’ ಅಂದೆ.

‘ಕನಮಡಿ ರೀ.’

‘ಅಯ್ಯ, ನಿಮ್ಮಪ್ಪ ನನ್ನ ಖಾಸಾ ದೋಸ್ತ.’

‘ಹೌದ್ರಿ? ಏನ್ ಹೆಸರು ನಮ್ಮಪ್ಪಂದು?’ ಅಂದಳು ನೀಲವ್ವ.

‘ದೋಸ್ತಗ ಯಾರು ಹೆಸರು ಹಿಡದ ಕರೀತಾರವ್ವಾ? ಲೇ ಅಂತಿದ್ದೆ.’

ಅವಳ ತುಟಿ ತುಸು ಅಲುಗಿತು. ಕಣ್ಣು ಅಲುಗಲಿಲ್ಲ. ‘ಸನ್ಮಾನ ಎಲ್ಲಿ ಆತ್ರಿ?’

‘ಗಾಂಧಿ ಚೌಕದಾಗ. ಇನ್ನೊಂದು ಒಳಗ ಐತಿ.’

‘ಚೌಕದಿಂದ ಇಲ್ಲಿತನಕ ಹಾರ ಕೊರಳಾಗ ಹಾಕ್ಕೊಂಡ ಬಂದ್ರಿ?’

‘ಹೂಂ.’

‘ಬುಟ್ಟಿ ಕೆಳಗ ಇಡ್ರಿ.’

ಇಟ್ಟೆ. ಏನು ಮಾಡಲಿ, ಆ ದನಿಗೆ ನನ್ನ ಹೆಂಡತಿಯ ದನಿಯದೇ ತೂಕ.

ಡಬ್ಬಿ ಸಿಕ್ಕಿತು. ಸಾಹೇಬರು ಓಡಿ ಬಂದರು. ಹೇಗೆ ಗೊತ್ತಾಯಿತು ಅಂತ ಕೇಳಿದ್ದಕ್ಕೆ ನೀಲವ್ವ ಹೇಳಿದ್ದು ಇಷ್ಟು: ‘ಖರೇ ದೊಡ್ಡವ್ರ ಕೊರಳಾಗ ಹಾರ ನಿಂದರೂದಿಲ್ರಿ ಸರ್. ಫೋಟೋ ಹೊಡಿಯೂದಷ್ಟ ತಡ, ತಗದು ಬಾಜೂಕ ಇಡ್ತಾರ. ಸ್ಟೇಜ್ ಬಾಜೂಕ ನಿಂತು ನಿಂತು ನೋಡೇನಿ. ಇವ್ರು ಚೌಕದಿಂದ ಹೊತ್ಕೊಂಡ ಬಂದಾರ. ಇದು ಯಾರೋ ಹಾಕಿದ್ದಲ್ಲ, ಇವ್ರ ಹಾಕ್ಕೊಂಡಿದ್ದು.’

ಹೌದಲ್ಲ? ನಮ್ಮಲ್ಲಿ ಹಾರ ಹಾಕಿಸಿಕೊಂಡವರು ಮರುಕ್ಷಣ ಅದನ್ನು ತೆಗೆಯುತ್ತಾರೆ. ನೂರು ಸಮಾರಂಭ ನೋಡಿದವ ನಾನು. ಐವತ್ತು ವರ್ಷ ಊರನ್ನು ಕುಣಿಸಿದವನನ್ನು ಒಂದು ಸೇವಂತಿ ಹಾರ ಕೆಡವಿತು.

ಪಾರ್ಕಿಂಗಿಗೆ ಹೋದವರು ಮೊದಲ ಎರಡು ಗೇಟಿನವರು. ರವಿವಾರ ಸ್ಕೂಟರ್ ಮೇಲೆ ಬಂದ ನನ್ನನ್ನು ನೋಡಿದ್ದೇ ತಡ, ಆ ಹೋಂಗಾರ್ಡ್ ನನ್ನ ಚೀಲವನ್ನು ಮೂರು ಸಲ ಝಾಡಿಸಿದ. ಮಾವಿನ ಉಪ್ಪಿನಕಾಯಿಯ ಡಬ್ಬಿಯನ್ನೂ ಮೂಸಿದ. ತಪ್ಪೇನಿದೆ?

ಸಾಹೇಬರು ಕೊಟ್ಟ ಪಾಸು ಇತ್ತು. ಮೂರನೇ ಗೇಟಿನ ಎದುರಿಗೇ, ಹಗ್ಗಕ್ಕೆ ಹೊಟ್ಟೆ ತಾಗಿಸಿಕೊಂಡು ನಿಂತೆ. ಏನು ಜನ, ಏನು ಜನ. ಸಾಲಿ ಮಕ್ಕಳ ಬ್ಯಾಂಡು, ಕುದುರೆ, ಮೇಲೆ ಗುಂಯ್‌ಗುಡುವ ಡ್ರೋನು. ಕಾಖಂಡಕಿಯಿಂದ ಟ್ರ್ಯಾಕ್ಟರ್ ತುಂಬಿಕೊಂಡು ಬಂದವರು ಸೀಟಿ ಹೊಡೆದದ್ದೇ ಹೊಡೆದದ್ದು. ಈ ಗದ್ದಲದಲ್ಲಿ ಖಾಕಿ ಬಟ್ಟೆಯವರು ಮಾತ್ರ ಪರೇಡಿಗೆ ಬೆನ್ನು ಮಾಡಿ, ನಮ್ಮ ಮುಖ ನೋಡುತ್ತ ನಿಂತಿದ್ದರು. ಊರೆಲ್ಲ ನೋಡುವುದನ್ನು ನೋಡದೇ ಇರುವುದಕ್ಕೆ ಪಗಾರ ತೆಗೆದುಕೊಳ್ಳುವ ನೌಕರಿ ಬೇರೆ ಯಾವುದಿದೆ?

ಹೆಣ್ಣುಮಕ್ಕಳ ರೇಸು ಮೊದಲು ಬಂತು. ಸ್ಟೇಡಿಯಂ ಎದ್ದು ನಿಂತಿತು. ನೀಲವ್ವ ತಿರುಗಲಿಲ್ಲ. ತುಟಿಯಷ್ಟೇ ಆಡಿಸಿದಳು. ‘ಕಾಕಾ, ಕೆಂಪು ಹೆಲ್ಮೆಟ್ ಕಾಣತೈತೇನ್ರಿ?’

‘ನನ್ನ ಮ್ಯಾಲ ನಂಬಿಗಿ ಐತಿ?’

‘ಇಲ್ರಿ. ಬ್ಯಾರೆ ಯಾರೂ ಗುರ್ತಿಲ್ಲ ಇಲ್ಲಿ.’

ಶುರು ಮಾಡಿದೆ ಕಾಮೆಂಟರಿ. ‘ಐದು ಮಂದಿ ಒಳಗ ಬಂದ್ರು. ಕೆಂಪು ನಾಕನೇದು.’

‘ಈಗ?’

‘ಮೂರು. ತಿರುವಿನ್ಯಾಗ ಒಳಗ ಹಾಕಿದ್ಲು.’

‘ಸುಳ್ಳ ಹೇಳಬ್ಯಾಡ್ರಿ.’

‘ಎರಡು. ಗಾಲಿಗೆ ಗಾಲಿ ಹಚ್ಯಾಳ.’

ಕೊನೆಯ ಐವತ್ತು ಮೀಟರ್. ಅಷ್ಟರಲ್ಲಿ ಯಾರೋ ಒಬ್ಬ ಬ್ಯಾರಿಕೇಡ್ ಏರಿದ. ನೀಲವ್ವನ ಲಾಠಿ ಅವನತ್ತ ಹೋಯಿತು. ‘ಏ ಅಣ್ಣಾ, ಇಳಿ ಕೆಳಗ.’ ಅವಳ ಬೆನ್ನ ಹಿಂದೆ, ಹತ್ತೇ ಹೆಜ್ಜೆ ಆಚೆ, ತಂಗಿ ಗೆರೆ ದಾಟಿದಳು.

‘ಎಷ್ಟನೇದ್ರಿ?’

ಮೊದಲನೇದು ಅಂದುಬಿಡಲೇ ಅಂತ ನಾಲಿಗೆ ತುದಿಗೆ ಬಂತು. ನುಂಗಿದೆ. ‘ಎರಡು. ಅರ್ಧ ಗಾಲಿಲೆ ತಪ್ಪಿತು.’

‘ಖರೇ?’

‘ಖರೇ.’

ನಂಬಲಿಲ್ಲ. ಐವತ್ತು ವರ್ಷದಲ್ಲಿ ಒಂದು ನಿಜ ಹೇಳಿದರೆ ಹೀಗಾಗುತ್ತದೆ. ಮೈಕಿನಲ್ಲಿ ಹೆಸರು ಕೂಗಿದ ಮೇಲೆಯೇ ಅವಳ ಲಾಠಿ ಎರಡು ಸಲ ನೆಲಕ್ಕೆ ಬಡಿಯಿತು. ಅಷ್ಟೇ ಅವಳ ಸಂಭ್ರಮ.

ಜನ ಕರಗಿದ ಮೇಲೆ ಆ ತಂಗಿ ಬೆವರು ಸುರಿಸುತ್ತ ಓಡಿ ಬಂದು, ಸ್ಟೇಜಿನ ಮೇಲೆ ಹಾಕಿದ್ದ ಹಾರವನ್ನು ಅಕ್ಕನ ಕೊರಳಿಗೆ ಹಾಕಿದಳು. ‘ನೋಡಿದೇನಬೇ?’

‘ಕೇಳಿದ್ನಿ’ ಅಂದಳು ಅಕ್ಕ. ಅನ್ನುವಾಗಲೇ ಹಾರ ಕೊರಳಿಂದ ಕೈಗೆ ಬಂದಿತ್ತು. ನಾನು ಎಣಿಸಿದೆ, ಮೂರು ಉಸಿರಿನಷ್ಟು ಹೊತ್ತೂ ಕೊರಳಲ್ಲಿ ನಿಲ್ಲಲಿಲ್ಲ. ಆಮೇಲೆ ಅತ್ತಿತ್ತ ನೋಡಿ, ನನ್ನನ್ನು ಕಂಡು, ಅದನ್ನು ನನ್ನ ಕೊರಳಿಗೆ ಏರಿಸಿಬಿಟ್ಟಳು. ‘ಹಿಡೀರಿ ಕಾಕಾ, ನಿಮಗ ಹಾರ ಭಾಳ ಒಪ್ಪತೈತಿ.’

ಈ ಸಲ ಯಾರೋ ಹಾಕಿದ್ದು ನೋಡಿ, ನಾನೇ ಹಾಕಿಕೊಂಡದ್ದಲ್ಲ. ಹಾಗೇ ಸ್ಕೂಟರಿನ ಮೇಲೆ ಮನೆಗೆ ಬಂದೆ. ಬಾಗಿಲಲ್ಲೇ ಹೆಂಡತಿ ಕೇಳಿದಳು, ‘ಅದನ್ನ ಯಾವಾಗ ತಗೀತೀರಿ?’

ಬುಧವಾರ ಇದನ್ನು ಬರೆಯುತ್ತಿದ್ದೇನೆ, ಹೂವು ಬಾಡಿದೆ, ಹಾರ ಇನ್ನೂ ಕೊರಳಲ್ಲೇ ಇದೆ: ನಾನು ದೊಡ್ಡ ಮನುಷ್ಯ ಅಂತ ನಿಮಗೆ ಯಾರು ಹೇಳಿದರು?